ಹಿಂದಿನವರು ಲೈಟ್ ಹೊಡೆದರೆ, ಮುಂದಿನವರು ದಾರಿ ಬಿಡದಿದ್ದರೆ: ಹೆದ್ದಾರಿಯಲ್ಲಿ ಕಾರು ಓಡಿಸುವವರಿಗೊಂದು ಕೈಪಿಡಿ

ಬೆಂಗಳೂರು–ಮೈಸೂರು ನಡುವಿನ ರಾಷ್ಟ್ರೀಯ ಹೆದ್ದಾರಿ 275 ಹೊಸ ರೂಪದಲ್ಲಿ 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಉದ್ಘಾಟನೆಯಾದಾಗ, ಮೂರು ಗಂಟೆಯ ಪ್ರಯಾಣ ಒಂದೂವರೆ ಗಂಟೆಗೆ ಇಳಿಯಿತೆಂಬ ಸಂಭ್ರಮ ಎರಡೂ ಊರುಗಳವರಲ್ಲಿ ಇತ್ತು. ಸುಮಾರು 118 ಕಿಲೋಮೀಟರ್ ಉದ್ದಕ್ಕೂ ನಡುವೆ ಆರು ಲೇನ್, ಅಕ್ಕಪಕ್ಕದಲ್ಲಿ ಎರಡೆರಡು ಲೇನ್‌ಗಳ ಸರ್ವಿಸ್ ರಸ್ತೆ, ಬಿಡದಿಯಿಂದ ಶ್ರೀರಂಗಪಟ್ಟಣದವರೆಗೆ ಊರುಗಳನ್ನು ಬಳಸಿ ಸಾಗುವ ಬೈಪಾಸ್‌ಗಳು ಬಂದವು. ದಾರಿ ಅಗಲವಾಯಿತು; ಓಡಿಸುವವರ ನಡತೆ ಮಾತ್ರ ಹಳೆಯ ದಾರಿಯದ್ದೇ ಉಳಿಯಿತು. ಮೊದಲ ತಿಂಗಳುಗಳಲ್ಲೇ ಅಪಘಾತಗಳು ಎಷ್ಟು ಹೆಚ್ಚಿದವೆಂದರೆ, ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಡಲಾಯಿತು, ಅನಂತರ ವೇಗ ಹಿಡಿಯುವ ಕ್ಯಾಮೆರಾಗಳು ಬಂದವು. ವೇಗ ಒಂದಿಷ್ಟು ಹತೋಟಿಗೆ ಬಂದಿದೆ. ಆದರೆ ಬಲಗಡೆಯ ಲೇನ್ ಬಿಡದವರು, ಬೆನ್ನಿಗೆ ಅಂಟಿಕೊಂಡು ಲೈಟ್ ಹೊಡೆಯುವವರು, ಎಕ್ಸಿಟ್ ದಾಟಿದ ಮೇಲೆ ರಿವರ್ಸ್ ತೆಗೆಯುವವರು ಇವರನ್ನೆಲ್ಲ ಹಿಡಿಯುವ ಕ್ಯಾಮೆರಾ ಇನ್ನೂ ಎಲ್ಲೆಡೆ ಇಲ್ಲ.

ಅಂಥವರ ನಡುವೆ ಕಾರು ಓಡಿಸಿಕೊಂಡು ಮನೆ ಸೇರುವುದು ಹೇಗೆಂಬುದಷ್ಟೇ ಈ ಬರಹದ ವಿಷಯ. ಹೆದ್ದಾರಿಯಲ್ಲಿ ನಮ್ಮ ಕೈಯಲ್ಲಿರುವುದು ನಮ್ಮ ವೇಗ, ನಾವು ಆರಿಸಿಕೊಂಡ ಲೇನ್, ಮುಂದಿನ ವಾಹನದಿಂದ ನಾವು ಕಾಯ್ದುಕೊಂಡ ಅಂತರ ಮತ್ತು ನಾವು ಕೊಡುವ ಸಿಗ್ನಲ್. ಬೇರೆಯವರಿಗೆ ಬುದ್ಧಿ ಕಲಿಸುವ ಕೆಲಸವನ್ನು ಇದರ ಜೊತೆಗೆ ಸೇರಿಸಿಕೊಂಡವರು ಈ ನಾಲ್ಕರಲ್ಲಿ ಯಾವುದಾದರೂ ಒಂದನ್ನು ಕೈಬಿಡಲೇಬೇಕಾಗುತ್ತದೆ, ಮತ್ತು ಸಾಮಾನ್ಯವಾಗಿ ಅವರು ಮೊದಲು ಕೈಬಿಡುವುದು ಅಂತರವನ್ನು.

ಹೊರಡುವ ಮೊದಲು

ರಸ್ತೆಯಲ್ಲಿ ಬರುವ ಸಿಟ್ಟಿನ ಅರ್ಧ ಪಾಲು ತಡವಾಗಿ ಹೊರಡುವುದರಿಂದ ಬರುತ್ತದೆಂದು ನನ್ನ ನಂಬಿಕೆ. ಲೆಕ್ಕ ಹಾಕಿ ನೋಡಿ. ಎಲ್ಲಿಯೂ ನಿಲ್ಲದೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋದರೆ 118 ಕಿ.ಮೀ. ಕ್ರಮಿಸಲು 71 ನಿಮಿಷ ಬೇಕು, 120ರಲ್ಲಿ ಹೋದರೆ 59 ನಿಮಿಷ. ಮಿತಿಯನ್ನು ಮೀರಿ, ದಂಡದ ಭಯವನ್ನೂ ಹೊತ್ತುಕೊಂಡು, ದಾರಿಯುದ್ದಕ್ಕೂ ಎಲ್ಲರೊಡನೆ ಜಗಳವಾಡಿಕೊಂಡು ಹೋದವರು ಗಳಿಸುವುದು ಹೆಚ್ಚೆಂದರೆ ಹನ್ನೆರಡು ನಿಮಿಷ, ಅದೂ ಕಾಗದದ ಮೇಲೆ. ಮೈಸೂರಿನ ಹೊರವರ್ತುಲ ರಸ್ತೆಯ ಸಿಗ್ನಲ್‌ನಲ್ಲೋ ಕೆಂಗೇರಿಯ ದಟ್ಟಣೆಯಲ್ಲೋ ಅದು ಕರಗಿ ಹೋಗುತ್ತದೆ. ಆದ್ದರಿಂದ ಇಪ್ಪತ್ತು ನಿಮಿಷ ಮುಂಚೆ ಹೊರಡಿ. ಶುಕ್ರವಾರ ಸಂಜೆ ಬೆಂಗಳೂರು ಬಿಡುವುದನ್ನೂ, ಭಾನುವಾರ ಸಂಜೆ ಅಥವಾ ದಸರಾ ರಜೆಯ ಕೊನೆಯ ದಿನ ಬೆಂಗಳೂರಿನತ್ತ ಮರಳುವುದನ್ನೂ ತಪ್ಪಿಸಲು ಸಾಧ್ಯವಾದರೆ ತಪ್ಪಿಸಿ; ಸಾಧ್ಯವಿಲ್ಲದಿದ್ದರೆ ತಡವಾಗುತ್ತದೆಂದು ಮನೆಯವರಿಗೆ ಮೊದಲೇ ಹೇಳಿಬಿಡಿ. ಕಾಯುವವರು ಇಲ್ಲವೆಂದು ತಿಳಿದಾಗ ಕಾಲು ಆಕ್ಸಿಲರೇಟರ್ ಮೇಲೆ ತಾನಾಗಿ ಹಗುರವಾಗುತ್ತದೆ.

ಕಾರಿನ ಮಟ್ಟಿಗೆ ಎರಡು ಸಂಗತಿಗಳನ್ನು ಮನೆಯ ಮುಂದೆಯೇ ಸರಿಪಡಿಸಿಕೊಳ್ಳಬೇಕು. ಮೊದಲನೆಯದು ಹೊರಗಿನ ಕನ್ನಡಿಗಳು. ಬಹಳಷ್ಟು ಜನ ತಮ್ಮ ಕಾರಿನ ಬಾಗಿಲು ಚೆನ್ನಾಗಿ ಕಾಣುವಂತೆ ಕನ್ನಡಿ ಇಟ್ಟುಕೊಂಡಿರುತ್ತಾರೆ. ನಮ್ಮ ಬಾಗಿಲು ನಮ್ಮನ್ನು ಓವರ್‌ಟೇಕ್ ಮಾಡುವುದಿಲ್ಲ. ಕಾರಿನ ಅಂಚು ಕಂಡೂ ಕಾಣದಂತಾಗುವವರೆಗೆ ಕನ್ನಡಿಯನ್ನು ಹೊರಕ್ಕೆ ತಿರುಗಿಸಿದರೆ, ಪಕ್ಕದ ಲೇನ್‌ನಲ್ಲಿ ಮರೆಯಾಗಿ ಬರುವ ವಾಹನ ಬೇಗ ಕಣ್ಣಿಗೆ ಬೀಳುತ್ತದೆ. ಎರಡನೆಯದು ಮುಂದಿನ ಗಾಜು. ಒಳಬದಿಯ ತೆಳುವಾದ ಧೂಳಿನ ಪೊರೆ ಹಗಲಲ್ಲಿ ಗೊತ್ತಾಗುವುದಿಲ್ಲ, ರಾತ್ರಿ ಎದುರಿನ ಹೆಡ್‌ಲೈಟ್ ಬಿದ್ದಾಗ ಇಡೀ ಗಾಜು ಬೆಳ್ಳಗಾಗುತ್ತದೆ. ಹೊರಗೆ ಒರೆಸಿದಂತೆ ಒಳಗೂ ಒರೆಸಿ.

ಬಲಗಡೆಯ ಲೇನ್ ಬಿಡದವರು

ಎಲ್ಲರ ಬಾಯಲ್ಲೂ ಮೊದಲು ಬರುವ ದೂರು ಇದು. ನಡುವಿನ ಲೇನ್‌ನಲ್ಲಿ ಒಂದು ಲಾರಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿರುತ್ತದೆ, ಅದನ್ನು ಹಿಂದಿಕ್ಕಲೆಂದು ಇನ್ನೊಂದು ಲಾರಿ ಬಲಗಡೆಯ ಲೇನ್‌ಗೆ ಬಂದು 65ರಲ್ಲಿ ತೆವಳುತ್ತದೆ. ಎರಡರ ನಡುವಿನ ವ್ಯತ್ಯಾಸ ಸೆಕೆಂಡಿಗೆ ಒಂದೂವರೆ ಮೀಟರ್ ಕೂಡ ಇಲ್ಲ. ಲಾರಿಗಳ ಉದ್ದ ಮತ್ತು ಹಿಂದೆ ಮುಂದೆ ಬೇಕಾದ ಅಂತರ ಸೇರಿ ಸುಮಾರು 60 ಮೀಟರ್ ಮುಂದಾಗಲು ಅದಕ್ಕೆ ಮುಕ್ಕಾಲು ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ರಸ್ತೆ ಮುಕ್ಕಾಲು ಕಿಲೋಮೀಟರ್ ಸರಿದಿರುತ್ತದೆ. ಹಿಂದೆ ಕಾರುಗಳ ಸಾಲು, ಹಾರ್ನು, ಡಿಪ್ಪರು ಎಲ್ಲವೂ ಶುರುವಾಗಿರುತ್ತವೆ. ಆದರೆ ಅಷ್ಟೇ ದೂರವನ್ನು ನೀವು 100ರಲ್ಲಿ ಹೋಗಿದ್ದರೂ 28 ಸೆಕೆಂಡು ಬೇಕಾಗುತ್ತಿತ್ತು. ಆ ಲಾರಿಯಿಂದ ನಿಮಗಾದ ನಷ್ಟ ಸುಮಾರು ಹದಿನೈದು ಸೆಕೆಂಡು.

ಲಾರಿ ಚಾಲಕರು ಬಲಗಡೆಗೆ ಅಂಟಿಕೊಳ್ಳಲು ಹಟಮಾರಿತನವೊಂದೇ ಕಾರಣವಲ್ಲ. ನಮ್ಮ ಹೆಚ್ಚಿನ ಹೆದ್ದಾರಿಗಳಲ್ಲಿ ಎಡಗಡೆಯ ಲೇನ್ ಎಂದರೆ ನಿಂತ ವಾಹನ, ಸರ್ವಿಸ್ ರಸ್ತೆಯಿಂದ ನೋಡದೆ ನುಗ್ಗುವ ಬೈಕು, ರಾಂಗ್ ಸೈಡ್‌ನಲ್ಲಿ ಬರುವ ಹಾಲಿನ ಗಾಡಿ, ರಸ್ತೆ ದಾಟಲು ನಿಂತ ಜನ. ತುಮಕೂರಿನಿಂದ ಚಿತ್ರದುರ್ಗ, ದಾವಣಗೆರೆ, ಹಾವೇರಿ ದಾಟಿ ಹುಬ್ಬಳ್ಳಿ, ಬೆಳಗಾವಿಯವರೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಒಂದು ಸಲ ಹೋಗಿ ಬಂದವರಿಗೆ ಇದು ಗೊತ್ತಿರುತ್ತದೆ. ಲೋಡ್ ತುಂಬಿದ ಲಾರಿ ಒಮ್ಮೆ ಬ್ರೇಕ್ ಹಾಕಿದರೆ ಮತ್ತೆ ವೇಗಕ್ಕೆ ಬರಲು ಗೇರ್ ಮೇಲೆ ಗೇರ್ ಬದಲಿಸುತ್ತ ಬಹಳ ದೂರ ಹೋಗಬೇಕು, ಆದ್ದರಿಂದ ಬ್ರೇಕ್ ಮುಟ್ಟಬೇಕಾಗದ ಲೇನ್ ಅನ್ನು ಚಾಲಕರು ಹುಡುಕುತ್ತಾರೆ. ಮುಖ್ಯ ರಸ್ತೆಯಲ್ಲಿ ಬೈಕು, ಆಟೋ ಇಲ್ಲದ ಮೈಸೂರು ಹೆದ್ದಾರಿಗೂ ಅವರು ಅದೇ ಅಭ್ಯಾಸವನ್ನು ತರುತ್ತಾರೆ. ಇದನ್ನು ತಿಳಿದ ಮಾತ್ರಕ್ಕೆ ದಾರಿ ಸಿಗುವುದಿಲ್ಲ, ಆದರೆ ಮುಂದಿನವರು ಬೇಕೆಂದೇ ತಡೆಯುತ್ತಿದ್ದಾರೆಂಬ ಅನುಮಾನ ಹೋಗುತ್ತದೆ, ಅದು ಹೋದರೆ ಕೈ ಹಾರ್ನಿನಿಂದ ಕೆಳಗಿಳಿಯುತ್ತದೆ. ಖಾಲಿ ಲೇನ್ ಪಕ್ಕದಲ್ಲಿದ್ದರೂ 80ರಲ್ಲಿ ಬಲಗಡೆಯಲ್ಲೇ ಫೋನಿನಲ್ಲಿ ಮಾತಾಡಿಕೊಂಡು ಹೋಗುವ ಕಾರಿನವರಿಗೆ ಇಂಥ ಯಾವ ನೆಪವೂ ಇಲ್ಲ. ಅವರನ್ನು ನಿಭಾಯಿಸುವ ವಿಧಾನ ಮಾತ್ರ ಇದೇ.

ಮೊದಲು ಲಾರಿಯ ಹಿಂದೆ ಮೂರು ಸೆಕೆಂಡಿನ ಅಂತರಕ್ಕೆ ಸರಿಯಿರಿ. ಹತ್ತಿರ ಹೋದಷ್ಟೂ ನಿಮ್ಮ ಇರುವಿಕೆ ಅವರಿಗೆ ಗೊತ್ತಾಗುವುದಿಲ್ಲ: ಲಾರಿಯ ಪಕ್ಕದ ಕನ್ನಡಿ ನಿಮಗೆ ಕಾಣುತ್ತಿಲ್ಲವೆಂದರೆ ಅದರ ಚಾಲಕರಿಗೆ ನೀವೂ ಕಾಣುತ್ತಿಲ್ಲ. ಕನ್ನಡಿ ಕಾಣುವ ಜಾಗದಲ್ಲಿದ್ದುಕೊಂಡು ಬಲಗಡೆಯ ಇಂಡಿಕೇಟರ್ ಹಾಕಿ, ಡಿಪ್ಪರ್ ಎರಡು ಸಲ ಹೊಡೆಯಿರಿ, ಹಗಲಾದರೆ ಹಾರ್ನ್ ಒಮ್ಮೆ ಸಣ್ಣಗೆ ಬಾರಿಸಿ, ಆಮೇಲೆ ಸುಮ್ಮನಿರಿ. ಹತ್ತರಲ್ಲಿ ಎಂಟು ಸಲ ಓವರ್‌ಟೇಕ್ ಮುಗಿದೊಡನೆ ಲಾರಿ ಎಡಕ್ಕೆ ಸರಿಯುತ್ತದೆ. ಹಾರ್ನ್ ಬಿಡದೆ ಒತ್ತಿ ಹಿಡಿದವರಿಗೆ ದಾರಿ ಬೇಗ ಸಿಕ್ಕ ಉದಾಹರಣೆ ನಾನು ಕಂಡಿಲ್ಲ. ಕ್ಯಾಬಿನ್‌ನಲ್ಲಿ ಹಾಡು ಇನ್ನೂ ಜೋರಾಗುತ್ತದೆ, ಅಷ್ಟೆ.

ಇಲ್ಲಿ ಲಾರಿಯವರ ಒಂದು ಹಳೆಯ ರೂಢಿಯನ್ನು ಅರಿತಿರಬೇಕು. ಎರಡೇ ಲೇನ್‌ಗಳ ರಸ್ತೆಯಲ್ಲಿ ಮುಂದಿನ ಲಾರಿ ಬಲಗಡೆಯ ಇಂಡಿಕೇಟರ್ ಮಿಣುಕಿಸಿದರೆ ಎದುರು ಖಾಲಿ ಇದೆ, ನೀವು ಹೋಗಬಹುದೆಂದು ಹೇಳಿದಂತೆ. ಡಿವೈಡರ್ ಇರುವ ಆರು ಲೇನ್‌ಗಳ ರಸ್ತೆಯಲ್ಲಿ ಅದೇ ಇಂಡಿಕೇಟರ್‌ಗೆ ನಾನು ಬಲಕ್ಕೆ ಬರುತ್ತಿದ್ದೇನೆ ಎಂಬ ನೇರ ಅರ್ಥವೂ ಇದೆ. ಒಂದೇ ದೀಪ ಬಾ ಎಂದೂ ಬರಬೇಡ ಎಂದೂ ಹೇಳುವಾಗ ಅದನ್ನು ನಂಬಿ ನುಗ್ಗಬಾರದು. ಕ್ಲೀನರ್ ಕಿಟಕಿಯಿಂದ ಕೈ ಹೊರಹಾಕಿ ಮುಂದೆ ಹೋಗಿ ಎಂದು ಬೀಸಿದರೂ ಅದು ಒಳ್ಳೆಯ ಮನಸ್ಸಿನ ಸೂಚನೆ ಮಾತ್ರ. ರಸ್ತೆ ಖಾಲಿ ಇರುವುದು ನಿಮ್ಮ ಕಣ್ಣಿಗೇ ಕಂಡ ಮೇಲೆ ಮುಂದುವರಿಯಿರಿ.

ಕೊನೆಗೂ ದಾರಿ ಸಿಗಲಿಲ್ಲ ಎನ್ನೋಣ. ಎಡಗಡೆಯಿಂದ ಹೋಗಬಹುದೇ? ನಿಯಮದ ಪ್ರಕಾರ ಓವರ್‌ಟೇಕ್ ಬಲಗಡೆಯಿಂದಲೇ ಆಗಬೇಕು, ಎಡದಿಂದ ಹೋಗಲು ಕಾನೂನು ಕೊಡುವ ಅವಕಾಶ ಬಹಳ ಕಡಿಮೆ. ಆದರೂ ಎಲ್ಲರೂ ಎಡದಿಂದ ಹೋಗುತ್ತಾರೆಂಬುದು ಎಲ್ಲರಿಗೂ ಗೊತ್ತಿರುವ ಸತ್ಯವಾದ್ದರಿಂದ, ಅದರ ಅಪಾಯ ಎಲ್ಲಿದೆಯೆಂದು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ನಿಮ್ಮ ಡಿಪ್ಪರ್ ನೋಡಿದ ಲಾರಿ ಚಾಲಕರು ದಾರಿ ಬಿಡೋಣವೆಂದು ಎಡಕ್ಕೆ ಎಳೆಯುವ ಕ್ಷಣವೂ, ಕಾದು ಬೇಸತ್ತ ನೀವು ಎಡಕ್ಕೆ ನುಗ್ಗುವ ಕ್ಷಣವೂ ಒಂದೇ ಆಗಿರುವ ಸಾಧ್ಯತೆ ಬಹಳ ಹೆಚ್ಚು. ಅವರಿಗೆ ಅತಿ ಕಡಿಮೆ ಕಾಣುವ ಬದಿಯೂ ಅದೇ. ಹಾಗಾಗಿ ಲೈಟ್ ಹೊಡೆದ ಮೇಲೆ ಎಡದಿಂದ ಹೋಗಬೇಡಿ. ಕಾಯುವುದು, ಇಲ್ಲವೇ ಹಾರ್ನ್, ಲೈಟ್ ಯಾವುದೂ ಇಲ್ಲದೆ ಮೊದಲೇ ನಡುವಿನ ಲೇನ್‌ಗೆ ಬಂದು ನಿಮ್ಮ ಪಾಡಿಗೆ ನಿಮ್ಮ ಲೇನ್‌ನಲ್ಲಿ ಸಾಗುವುದು, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ತೀರ ಎಡಗಡೆಯ ಶೋಲ್ಡರ್ ಮೇಲೆ ಚಕ್ರ ಇಳಿಸುವ ಯೋಚನೆಯಂತೂ ಬೇಡವೇ ಬೇಡ, ಕೆಟ್ಟು ನಿಂತ ವಾಹನಗಳು ಇರುವುದು ಅಲ್ಲೇ.

ಬೆನ್ನಿಗೆ ಅಂಟಿಕೊಳ್ಳುವವರು

ಈಗ ಪಾತ್ರ ಬದಲಾಗುತ್ತದೆ. ನೀವು ಬಲಗಡೆಯ ಲೇನ್‌ನಲ್ಲಿ ಮಿತಿಯೊಳಗೆ ಒಂದು ಬಸ್ಸನ್ನು ಹಿಂದಿಕ್ಕುತ್ತಿರುವಾಗ ಕನ್ನಡಿಯ ತುಂಬ ಒಂದು ಬಿಳಿ ಎಸ್‌ಯುವಿ ತುಂಬಿಕೊಳ್ಳುತ್ತದೆ. ಬಾನೆಟ್ ಮೇಲೆ ಯಾವುದೋ ಸಂಘಟನೆಯ ಬಾವುಟ, ಗಾಜಿನ ಮೇಲೆ ಯಾವುದೋ ಇಲಾಖೆಯ ಹೆಸರು, ನಿಲ್ಲದೆ ಮಿಣುಕುವ ಹೆಡ್‌ಲೈಟ್. ಬ್ರೇಕ್ ತುಳಿದು ಹೆದರಿಸೋಣವೆಂಬ ಆಸೆ ಇಂಥ ಹೊತ್ತಿನಲ್ಲಿ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದರೆ ಅವರ ಎರಡು ಟನ್ ತೂಕ ಬಂದು ಬಡಿಯುವುದು ನಿಮ್ಮ ಹಿಂದಿನ ಸೀಟಿನಲ್ಲಿ ಕೂತ ಮಕ್ಕಳ ಬೆನ್ನಿಗೆ.

ಅವರಿಗೆ ಹೆದರಿ ವೇಗ ಹೆಚ್ಚಿಸುವುದೂ ಬೇಡ, ಛಲ ತೊಟ್ಟು ನಿಧಾನಿಸುವುದೂ ಬೇಡ. ಹಿಡಿದ ಓವರ್‌ಟೇಕನ್ನು ಅದೇ ವೇಗದಲ್ಲಿ ಮುಗಿಸಿ, ಹಿಂದಿಕ್ಕಿದ ಬಸ್ಸಿನ ಎರಡೂ ಹೆಡ್‌ಲೈಟುಗಳು ಒಳಗಿನ ಕನ್ನಡಿಯಲ್ಲಿ ಕಂಡ ಮೇಲೆ ಎಡಗಡೆಯ ಇಂಡಿಕೇಟರ್ ಹಾಕಿ ನಡುವಿನ ಲೇನ್‌ಗೆ ಸರಿಯಿರಿ. ಇಂಡಿಕೇಟರ್ ಕಂಡ ಕೂಡಲೆ ಹಿಂದಿನವರ ಆವೇಶ ಅರ್ಧ ಇಳಿಯುತ್ತದೆ, ಏಕೆಂದರೆ ಅವರಿಗೆ ಬೇಕಾದ ಉತ್ತರ ಸಿಕ್ಕಿತು. ಎಡಕ್ಕೆ ಸರಿಯಲು ಜಾಗವೇ ಇಲ್ಲದಿದ್ದರೆ, ನಿಮ್ಮ ಮುಂದಿನ ಅಂತರವನ್ನು ನಿಧಾನವಾಗಿ ನಾಲ್ಕು ಸೆಕೆಂಡಿಗೆ ಹೆಚ್ಚಿಸಿಕೊಳ್ಳಿ. ಹಿಂದಿನವರು ಅಂತರ ಇಟ್ಟುಕೊಂಡಿಲ್ಲವಾದ್ದರಿಂದ ಅವರ ಪಾಲಿನ ಅಂತರವನ್ನೂ ನೀವೇ ಮುಂದೆ ಇಟ್ಟುಕೊಳ್ಳಬೇಕಾಗುತ್ತದೆ. ಮುಂದೆ ಏನಾದರೂ ಆದಾಗ ನೀವು ಮೆಲ್ಲಗೆ ಬ್ರೇಕ್ ಹಾಕುವಷ್ಟು ಜಾಗವಿದ್ದರೆ ಅವರಿಗೂ ನಿಲ್ಲಿಸಲು ಸಮಯ ಸಿಗುತ್ತದೆ.

ನಾನು ಮಿತಿಯ 100ರಲ್ಲೇ ಇದ್ದೇನೆ, ಅವರಿಗೇಕೆ ದಾರಿ ಬಿಡಬೇಕು ಎಂದು ವಾದಿಸುವ ಸಜ್ಜನರು ಬಹಳ. ವೇಗದ ಮಿತಿಯನ್ನು ಕಾಯುವ ಹೊಣೆಯನ್ನು ಯಾರೂ ಅವರಿಗೆ ವಹಿಸಿಲ್ಲ, ಮತ್ತು ಓವರ್‌ಟೇಕ್ ಮುಗಿದ ಮೇಲೂ ಬಲಗಡೆಯಲ್ಲೇ ಉಳಿಯುವವರು, ತಾವು ಹಿಂದೆ ಶಪಿಸಿದ ಲಾರಿಯ ಜಾಗದಲ್ಲೇ ನಿಂತಿರುತ್ತಾರೆ. ಪಕ್ಕದ ಸೀಟಿನಲ್ಲಿ ಕೂತವರು “ಬಿಡ್ರೀ, ಹೋಗ್ಲಿ” ಎಂದರೆ ಬಿಟ್ಟುಬಿಡಿ.

ಅಂತರದ ಲೆಕ್ಕ

ಮೂರು ಸೆಕೆಂಡು ಎಂದರೆ ಎಷ್ಟು? ಮುಂದಿನ ವಾಹನ ಒಂದು ಬೋರ್ಡನ್ನೋ ಸೇತುವೆಯ ನೆರಳನ್ನೋ ದಾಟಿದಾಗ ನೂರಾ ಒಂದು, ನೂರಾ ಎರಡು, ನೂರಾ ಮೂರು ಎಂದು ಸಾವಕಾಶವಾಗಿ ಎಣಿಸಿ. ಎಣಿಸಿ ಮುಗಿಯುವ ಮೊದಲೇ ನೀವು ಅಲ್ಲಿಗೆ ತಲುಪಿದರೆ ಹತ್ತಿರವಿದ್ದೀರಿ ಎಂದರ್ಥ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 28 ಮೀಟರ್ ಸಾಗುತ್ತದೆ. ಅಪಾಯ ಕಂಡು ಕಾಲು ಬ್ರೇಕ್ ಮುಟ್ಟುವ ಹೊತ್ತಿಗೆ ಒಂದೂವರೆ ಸೆಕೆಂಡು, ಅಂದರೆ ನಲವತ್ತು ಮೀಟರಿಗೂ ಹೆಚ್ಚು ದೂರ ಕಳೆದಿರುತ್ತದೆ. ಒಣ ರಸ್ತೆ, ಒಳ್ಳೆಯ ಟೈರು ಇದ್ದರೂ ಪೂರ್ತಿ ನಿಲ್ಲಲು ಒಟ್ಟು ನೂರು ಮೀಟರಿನ ಆಸುಪಾಸು ಬೇಕು. 80ರಲ್ಲಿ ಅದು ಸುಮಾರು 70 ಮೀಟರ್. ಮಳೆಯಲ್ಲಿ ಈ ಎಣಿಕೆಯನ್ನು ನಾಲ್ಕೈದಕ್ಕೆ ಏರಿಸಿ. ಕೆಳಸೇತುವೆ ಮತ್ತು ತಗ್ಗುಗಳ ಬಳಿ ನೀರು ನಿಂತಿದ್ದರೆ ವೇಗವನ್ನು ನೀರು ಸೇರುವ ಮೊದಲೇ ಇಳಿಸಿಕೊಳ್ಳಿ, ನೀರಿನೊಳಗೆ ಬ್ರೇಕ್ ಹಾಕಬೇಡಿ.

ಅಷ್ಟು ಜಾಗ ಬಿಟ್ಟರೆ ಯಾರಾದರೂ ಬಂದು ತೂರಿಕೊಳ್ಳುತ್ತಾರಲ್ಲ ಎಂಬ ಆಕ್ಷೇಪ ಕೂಡಲೇ ಬರುತ್ತದೆ. ಹೌದು, ತೂರಿಕೊಳ್ಳುತ್ತಾರೆ, ಅದೂ ಇಂಡಿಕೇಟರ್ ಇಲ್ಲದೆ. ಆಗ ಬ್ರೇಕ್ ಮುಟ್ಟದೆ ಆಕ್ಸಿಲರೇಟರ್‌ನಿಂದ ಕಾಲನ್ನಷ್ಟೇ ತೆಗೆದು ಹೊಸ ವಾಹನದಿಂದ ಮತ್ತೆ ಮೂರು ಸೆಕೆಂಡು ದೂರಾಗಿ. ಒಬ್ಬರು ತೂರಿಕೊಂಡರೆ ನೀವು ಕಳೆದುಕೊಳ್ಳುವುದು ಎರಡು ಮೂರು ಸೆಕೆಂಡು. ಮೈಸೂರು ಮುಟ್ಟುವುದರೊಳಗೆ ಇಪ್ಪತ್ತು ಜನ ತೂರಿಕೊಂಡರೂ ಒಂದು ನಿಮಿಷ. ತೂರಲು ಬಿಡಬಾರದೆಂದು ಮುಂದಿನ ಕಾರಿನ ಬಂಪರ್‌ಗೆ ಮೂತಿ ತಾಗಿಸಿಕೊಂಡು ಹೋಗುವವರು ಆ ಒಂದು ನಿಮಿಷಕ್ಕಾಗಿ 118 ಕಿಲೋಮೀಟರ್ ಉದ್ದಕ್ಕೂ ಕಾಲನ್ನು ಬ್ರೇಕ್ ಮೇಲೆ ಇಟ್ಟುಕೊಂಡಿರುತ್ತಾರೆ.

ರಾತ್ರಿ ಮತ್ತು ಹೈ ಬೀಮ್

ರಾತ್ರಿಯ ಹೊತ್ತು ಎದುರಿನಿಂದ ಹೈ ಬೀಮ್ ಬಂದಾಗ ನಾವೂ ಹೈ ಬೀಮ್ ಹಾಕಿ ಕಣ್ಣು ಚುಚ್ಚುವುದು ನಮ್ಮಲ್ಲಿ ನ್ಯಾಯವೆಂದು ಸಾಗುತ್ತಿದೆ. ಒಬ್ಬರಿಗೆ ಕಾಣುತ್ತಿರಲಿಲ್ಲ, ಈಗ ಇಬ್ಬರಿಗೂ ಕಾಣುವುದಿಲ್ಲ. ಡಿಪ್ಪರ್ ಒಮ್ಮೆ ಹೊಡೆದು ನೆನಪಿಸಿ. ಇಳಿಸದಿದ್ದರೆ ನೋಟವನ್ನು ರಸ್ತೆಯ ಎಡ ಅಂಚಿನ ಬಿಳಿ ಗೆರೆಗೆ ತಂದು, ಆ ಬೆಳಕು ದಾಟುವವರೆಗೆ ಗೆರೆಯನ್ನೇ ಹಿಡಿದು ಸಾಗಿ, ಜೊತೆಗೆ ವೇಗವನ್ನೂ ಇಳಿಸಿ. ಹಿಂದಿನಿಂದ ಬೆಳಕು ಕುಕ್ಕುತ್ತಿದ್ದರೆ ಒಳಗಿನ ಕನ್ನಡಿಯ ಕೆಳಗಿರುವ ಸಣ್ಣ ಹಿಡಿಯನ್ನು ಎಳೆಯಿರಿ, ಪ್ರತಿಬಿಂಬ ಮಂಕಾಗುತ್ತದೆ. ಆ ಹಿಡಿ ಏಕಿದೆಯೆಂದು ಗೊತ್ತಿಲ್ಲದೆ ಹತ್ತು ವರ್ಷ ಕಾರು ಓಡಿಸಿದವರು ನಮ್ಮ ನಡುವೆ ಇದ್ದಾರೆ.

ನಿಮ್ಮ ಕಾರೂ ಬೇರೆಯವರ ಕಣ್ಣು ಕುಕ್ಕುತ್ತಿರಬಹುದು. ಹಬ್ಬಕ್ಕೆ ಊರಿಗೆ ಹೊರಟು ಹಿಂದಿನ ಸೀಟು, ಡಿಕ್ಕಿ ಎರಡೂ ತುಂಬಿದಾಗ ಕಾರಿನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಲೋ ಬೀಮ್ ಕೂಡ ಎದುರಿನವರ ಮುಖಕ್ಕೆ ಬಡಿಯುತ್ತದೆ. ಸ್ಟೀರಿಂಗ್‌ನ ಬಲಗಡೆ ಡ್ಯಾಶ್‌ಬೋರ್ಡ್‌ನಲ್ಲಿ ಹಲವು ಕಾರುಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕಿಗಳಿರುವ ಒಂದು ಪುಟ್ಟ ಚಕ್ರ ಇರುತ್ತದೆ. ಹೊರೆ ಹೆಚ್ಚಾದಂತೆ ಅದನ್ನು ಮೇಲಿನ ಅಂಕಿಗೆ ತಿರುಗಿಸಿದರೆ ಬೆಳಕು ಕೆಳಗಿಳಿಯುತ್ತದೆ. ಎದುರಿನ ನಾಲ್ಕಾರು ವಾಹನಗಳು ಸಾಲಾಗಿ ನಿಮಗೆ ಡಿಪ್ಪರ್ ಹೊಡೆದರೆ ಅವರೆಲ್ಲರನ್ನೂ ಬೈಯುವ ಮೊದಲು ಆ ಚಕ್ರವನ್ನು ನೋಡಿ.

ಲೋ ಬೀಮ್ ಚೆನ್ನಾಗಿ ತೋರಿಸುವುದು ಸುಮಾರು 50, 60 ಮೀಟರ್ ದೂರವನ್ನು. 70ರ ವೇಗದಲ್ಲಿ ನಿಲ್ಲಲು ಬೇಕಾಗುವ ದೂರವೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ವೇಗವಾಗಿ ಹೋದರೆ ಕಂಡ ವಸ್ತುವಿನ ಮುಂಚೆ ನಿಲ್ಲಲು ಆಗುವುದಿಲ್ಲ, ಮತ್ತು ನಮ್ಮ ಹೆದ್ದಾರಿಗಳಲ್ಲಿ ರಾತ್ರಿ ಕಾಣದೆ ನಿಂತಿರುವ ವಸ್ತುಗಳು ಕಡಿಮೆ ಇಲ್ಲ. ಕೆಟ್ಟು ನಿಂತ ಲಾರಿಯ ಹಿಂದೆ ರಿಫ್ಲೆಕ್ಟರ್ ತ್ರಿಕೋನದ ಬದಲು ನಾಲ್ಕು ಕಲ್ಲು, ಒಂದು ಹಸಿ ಸೊಪ್ಪಿನ ಕೊಂಬೆ ಇಟ್ಟಿರುತ್ತಾರೆ. ಲೈಟಿನಲ್ಲಿ ರಸ್ತೆಯ ಮೇಲೆ ಎಲೆ ಕಂಡರೆ ಮರದಿಂದ ಉದುರಿದ್ದೆಂದುಕೊಳ್ಳದೆ ಕೂಡಲೆ ವೇಗ ಇಳಿಸಿ ಒಂದು ಲೇನ್ ಪಕ್ಕಕ್ಕೆ ಸರಿಯಿರಿ. ಲಾರಿ ಹೋದ ಮೇಲೂ ಕಲ್ಲುಗಳು ಅಲ್ಲೇ ಉಳಿಯುವುದುಂಟು. ಕಬ್ಬು ಅರೆಯುವ ಕಾಲದಲ್ಲಿ ಬೆಳಗಾವಿ, ಬಾಗಲಕೋಟೆಯ ಕಡೆಯೂ ಮಂಡ್ಯದ ಸರ್ವಿಸ್ ರಸ್ತೆಗಳಲ್ಲೂ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಿಂಬದಿಯ ದೀಪವಿಲ್ಲದೆ ಸಾಗುತ್ತವೆ. ಎಷ್ಟೋ ಸಲ ಅವು ಕಣ್ಣಿಗೆ ಕಾಣುವ ಮೊದಲು ಸ್ಪೀಕರಿನ ಹಾಡು ಕಿವಿಗೆ ಕೇಳಿಸುತ್ತದೆ, ಕಿಟಕಿ ಮುಚ್ಚಿಕೊಂಡ ಎಸಿ ಕಾರಿನವರಿಗೆ ಅದೂ ಇಲ್ಲ.

ರಾಂಗ್ ಸೈಡ್‌ನಲ್ಲಿ ಬರುವವರಲ್ಲಿ ಎರಡು ಬಗೆ. ಹತ್ತಿರದ ಊರಿನವರು ಸುತ್ತು ತಪ್ಪಿಸಲು ನಿಮ್ಮ ಎಡ ಅಂಚಿನಲ್ಲಿ ಬರುತ್ತಾರೆ. ದಾರಿ ತಪ್ಪಿ ಒಳಗೆ ಬಂದವರು ತಮ್ಮ ಎಡಕ್ಕೆ ಇರಬೇಕೆಂಬ ಅಭ್ಯಾಸದಿಂದ ಡಿವೈಡರ್ ಪಕ್ಕ, ಅಂದರೆ ನಿಮ್ಮ ಬಲಗಡೆಯ ವೇಗದ ಲೇನ್‌ನಲ್ಲೇ ಎದುರಾಗುತ್ತಾರೆ. ಮೂರು ಲೇನ್ ಇರುವ ಕಡೆ, ತಡರಾತ್ರಿ ಓವರ್‌ಟೇಕ್ ಮಾಡದ ಹೊತ್ತಿನಲ್ಲೆಲ್ಲ ನಡುವಿನ ಲೇನ್ ಹಿಡಿಯುವುದು ಲೇಸೆಂದು ಹೇಳುವುದು ಈ ಕಾರಣಕ್ಕೆ.

ಎಕ್ಸಿಟ್, ಟೋಲ್, ಹಝಾರ್ಡ್ ಲೈಟ್

ಬಿಡದಿಯ ತಟ್ಟೆ ಇಡ್ಲಿ ನೆನಪಾದವರು, ಮದ್ದೂರು ವಡೆ ಬೇಕೆಂದವರು ಎಕ್ಸಿಟ್ ಬಂದ ಮೇಲೆ ಮೂರು ಲೇನ್‌ಗಳನ್ನು ಅಡ್ಡ ಕತ್ತರಿಸಿ ಎಡಕ್ಕೆ ನುಗ್ಗುತ್ತಾರೆ. ಇನ್ನು ಕೆಲವರು ದಾಟಿದ ಮೇಲೆ ನಿಂತು, ಹಝಾರ್ಡ್ ಲೈಟ್ ಹಾಕಿ, ಹಿಂದಕ್ಕೆ ಬರುತ್ತಾರೆ. ನಾಲ್ಕು ದೀಪ ಮಿಣುಕಿಸಿದರೆ ಯಾವ ತಪ್ಪಿಗೂ ಮಾಫಿ ಇದೆಯೆಂದು ಅವರು ತಿಳಿದಂತಿದೆ. ಎಕ್ಸಿಟ್ ಬೋರ್ಡ್ ಕಂಡೊಡನೆ, ನೀವು ನೇರ ಹೋಗುವವರಾದರೆ ಎಡಗಡೆಯ ಲೇನ್ ಬಿಟ್ಟು ನಡುವಿಗೆ ಬನ್ನಿ, ಬಲಗಡೆಯಿಂದ ಯಾರಾದರೂ ಅಡ್ಡ ಬರುವರೆಂದು ಎಣಿಸಿಯೇ ಇರಿ. ನಿಮ್ಮದೇ ಎಕ್ಸಿಟ್ ತಪ್ಪಿದರೆ ಮುಂದಿನದಕ್ಕೆ ಹೋಗಿ ತಿರುಗಿ ಬನ್ನಿ.

ಬಿಡದಿಯ ಬಳಿ, ಗಣಂಗೂರಿನಲ್ಲಿ ಟೋಲ್ ಸಮೀಪಿಸಿದಾಗ ದೂರದಿಂದಲೇ ಒಂದು ಸಾಲು ಆರಿಸಿ ಅದರಲ್ಲೇ ಉಳಿಯಿರಿ. ಸಾಲು ಬದಲಿಸುತ್ತ ಹೋಗುವವರು ಫಾಸ್ಟ್ಯಾಗ್‌ನಲ್ಲಿ ಹಣವಿಲ್ಲದವರ ಹಿಂದೆ ಸಿಕ್ಕಿಕೊಳ್ಳುವುದನ್ನು ನೋಡುವುದೂ ಒಂದು ಸಣ್ಣ ಸಮಾಧಾನ. ಜೋರು ಮಳೆಯಲ್ಲಿ ಹಝಾರ್ಡ್ ಹಾಕಿಕೊಂಡು ಓಡಿಸುವವರ ಹಿಂದೆ ಹೆಚ್ಚು ಅಂತರ ಇಡಿ, ಅವರು ಯಾವ ಕಡೆಗೆ ತಿರುಗುತ್ತಾರೆಂದು ಹೇಳುವ ಇಂಡಿಕೇಟರ್ ಆಗ ಕೆಲಸ ಮಾಡುತ್ತಿರುವುದಿಲ್ಲ.

ಜಗಳಕ್ಕೆ ಬಂದರೆ

ಕೈಸನ್ನೆ, ಬೈಗುಳ, ಕಿಟಕಿ ಇಳಿಸಿ ನೋಡುವ ನೋಟ ಇವಾವುದಕ್ಕೂ ಉತ್ತರ ಕೊಡಬೇಡಿ. ಯಾರಾದರೂ ಅಡ್ಡ ಹಾಕಲು ನೋಡಿದರೆ ಹೆದ್ದಾರಿಯಲ್ಲಿ ನಿಲ್ಲಿಸುವುದಾಗಲೀ ಕೆಳಗಿಳಿಯುವುದಾಗಲೀ ಬೇಡ; ಕಿಟಕಿ, ಬಾಗಿಲು ಭದ್ರ ಮಾಡಿಕೊಂಡು, ಜನರಿರುವ ಪೆಟ್ರೋಲ್ ಬಂಕ್, ಟೋಲ್ ಅಥವಾ ಪೊಲೀಸ್ ಠಾಣೆಯವರೆಗೆ ಸಾಗಿ. ಹಿಂಬಾಲಿಸುತ್ತಿದ್ದಾರೆ ಎನಿಸಿದರೆ ಮನೆಯ ಕಡೆ ಹೋಗಬೇಡಿ, ವಿಳಾಸ ತೋರಿಸಿಕೊಟ್ಟಂತಾಗುತ್ತದೆ. 112ಕ್ಕೆ ಕರೆ ಮಾಡುವ ಕೆಲಸ ಪಕ್ಕದಲ್ಲಿ ಕೂತವರದು. ರಸ್ತೆಯ ಮೇಲೆ ಕಲ್ಲು, ಕೆಟ್ಟು ನಿಂತ ವಾಹನ, ದನ ಇಂಥವುಗಳಿಗೆ ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033 ಇದೆ, ಗಾಯಾಳುಗಳಿದ್ದರೆ 108. ಅಪಘಾತದಲ್ಲಿ ಸಿಕ್ಕವರಿಗೆ ಸದುದ್ದೇಶದಿಂದ ನೆರವಾದವರನ್ನು ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಿಸುತ್ತದೆ, ಆದ್ದರಿಂದ ಕೇಸಿನ ಭಯಕ್ಕೆ ಮುಂದೆ ಹೋಗಿಬಿಡುವ ಅಗತ್ಯವಿಲ್ಲ.

ಯಾರಿಗೆ ಕರೆ ಮಾಡಿದರೂ ಮೊದಲು ಕೇಳುವುದು ನೀವು ಎಲ್ಲಿದ್ದೀರಿ ಎಂದು. ಮಂಡ್ಯ ದಾಟಿ ಸ್ವಲ್ಪ ಮುಂದೆ ಎಂದರೆ ಗಸ್ತಿನ ವಾಹನಕ್ಕೆ ಏನೂ ತಿಳಿಯದು. ರಸ್ತೆಯ ಎಡಕ್ಕೆ ಬರುವ ಹಳದಿ ತಲೆಯ ಕಿಲೋಮೀಟರ್ ಕಲ್ಲಿನ ಅಂಕಿಯನ್ನೂ, ನೀವು ಮೈಸೂರಿನ ಕಡೆಗೆ ಹೊರಟಿದ್ದೀರೋ ಬೆಂಗಳೂರಿನ ಕಡೆಗೋ ಎಂಬುದನ್ನೂ ಹೇಳಿ. ಡಿವೈಡರ್ ಇರುವ ರಸ್ತೆಯಲ್ಲಿ ದಿಕ್ಕು ತಪ್ಪಾದರೆ ನೆರವಿಗೆ ಬಂದವರು ಆಚೆ ಬದಿಯಲ್ಲಿ ನಿಂತು ನೋಡಬೇಕಾಗುತ್ತದೆ.

ಅಪಾಯಕಾರಿಯಾಗಿ ಓಡಿಸಿದವರ ಮೇಲೆ ದೂರು ಕೊಡಲು ಡ್ಯಾಶ್‌ಕ್ಯಾಮ್ ಇದ್ದರೆ ಒಳ್ಳೆಯದು. 2019ರ ತಿದ್ದುಪಡಿಯ ಬಳಿಕ ಕಾಯ್ದೆಯ 184ನೇ ಕಲಂ ರಾಂಗ್ ಸೈಡ್ ಓಡಿಸುವುದನ್ನೂ, ನಿಯಮ ಮೀರಿ ಓವರ್‌ಟೇಕ್ ಮಾಡುವುದನ್ನೂ, ಕೈಯಲ್ಲಿ ಫೋನ್ ಹಿಡಿದು ಓಡಿಸುವುದನ್ನೂ ಅಪಾಯಕಾರಿ ಚಾಲನೆಯೆಂದು ಬಿಡಿಸಿ ಹೇಳುತ್ತದೆ, ಹಾಗಾಗಿ ದೂರಿನಲ್ಲಿ ಅವರು ಬಹಳ ಕೆಟ್ಟದಾಗಿ ಓಡಿಸಿದರೆಂದು ಬರೆಯುವ ಬದಲು ನಿರ್ದಿಷ್ಟವಾಗಿ ಏನು ಮಾಡಿದರೆಂದು ಬರೆಯಿರಿ. ವಾಹನದ ನಂಬರ್, ದಿನಾಂಕ, ಹೊತ್ತು, ಕಿಲೋಮೀಟರ್ ಕಲ್ಲು, ದಿಕ್ಕು ಇಷ್ಟಿದ್ದರೆ ಸಾಕು. ಕ್ಯಾಮೆರಾದ ಗಡಿಯಾರ ಸರಿಯಾಗಿದೆಯೇ ಎಂದು ಹೊರಡುವಾಗಲೇ ನೋಡಿಕೊಳ್ಳಿ. ಕಾರ್ಡ್ ತುಂಬಿದ ಮೇಲೆ ಕ್ಯಾಮೆರಾ ಹಳೆಯ ದೃಶ್ಯಗಳ ಮೇಲೆಯೇ ಹೊಸದನ್ನು ಬರೆಯುತ್ತ ಹೋಗುವುದರಿಂದ, ಮನೆ ಮುಟ್ಟಿದ ಸಂಜೆಯೇ ಆ ತುಣುಕನ್ನು ಬೇರೆ ಕಡೆ ಉಳಿಸಿ, ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿದ ಪ್ರತಿಯನ್ನಲ್ಲದೆ ಕಾರ್ಡ್‌ನಲ್ಲಿರುವ ಮೂಲ ಫೈಲನ್ನೇ ಪೊಲೀಸರಿಗೆ ಕೊಡಿ.